ಡಿಸಿ ರಜೆ ಅಂತಾರೆ, ಸ್ಕೂಲು ಲಿಂಕ್ ಕಳ್ಸುತ್ತೆ: ಕೊಡಗಿನ ಮಳೆ ರಜೆ ಗೊಂದಲ ಯಾಕೆ ಮುಗೀತಿಲ್ಲ

ಜುಲೈ ಬಂತಂದ್ರೆ ಕೊಡಗಲ್ಲಿ ರಾತ್ರಿ ಊಟ ಆದ್ಮೇಲೆ ಶಾಲೆಗೆ ಹೋಗೋ ಮಕ್ಕಳಿರೋ ಮನೆಯವ್ರೆಲ್ಲ ಕಾಯೋದು ಒಂದೇ ಪಿಡಿಎಫ್‌ಗೆ, ಜಿಲ್ಲಾಧಿಕಾರಿ ಸಹಿ ಇರೋ ರಜೆ ಆದೇಶಕ್ಕೆ. ಕೆಲವು ಸಲ ರಾತ್ರಿ ಒಂಬತ್ತಕ್ಕೇ ಬಂದ್ಬಿಡುತ್ತೆ, ಕೆಲವು ಸಲ ಬೆಳಿಗ್ಗೆ ಬರುತ್ತೆ, ಅಷ್ಟೊತ್ತಿಗೆ ಮಗು ಯೂನಿಫಾರ್ಮ್ ಹಾಕಿ ಮೇಲೆ ರೈನ್‌ಕೋಟ್ ಏರ್ಸಿ ಬಾಗಿಲ ಹತ್ರ ನಿಂತಿರುತ್ತೆ. ಮಧ್ಯದಲ್ಲಿ ಕ್ಲಾಸ್ ಗ್ರೂಪಲ್ಲಿ "ನಾಳೆ ರಜೆನಾ?" ಅಂತ ಒಬ್ರು ಕೇಳ್ತಾರೆ, ಇನ್ನೊಬ್ರು ಹೋದ ವರ್ಷದ ಆರ್ಡರನ್ನ ಫಾರ್ವರ್ಡ್ ಮಾಡ್ತಾರೆ, ಅದಕ್ಕೆ ನಲವತ್ತು ಜನ ಕೈ ಮುಗೀತಾರೆ, ಆಮೇಲೆ ಯಾರೋ "ಡೇಟ್ ನೋಡಿ ಸ್ವಾಮಿ" ಅಂತ ಬರೀತಾರೆ. ಇಷ್ಟೆಲ್ಲ ಆಗಿ ರಜೆ ಖಾತ್ರಿ ಆಯ್ತು ಅನ್ನುವಾಗ ಶಾಲೆ ಕಡೆಯಿಂದ ಇನ್ನೊಂದು ಮೆಸೇಜು ಬರುತ್ತೆ: ನಾಳೆ 9.30ಕ್ಕೆ ಆನ್‌ಲೈನ್ ಕ್ಲಾಸ್ ಇದೆ, ಲಿಂಕ್ ಕೆಳಗಿದೆ, ಅಟೆಂಡೆನ್ಸ್ ಕಡ್ಡಾಯ.

ಹಾಗಾದ್ರೆ ರಜೆ ಇದೆಯಾ ಇಲ್ವಾ? ಪಕ್ಕದ ಮನೆ ಮಗು ಸರ್ಕಾರಿ ಶಾಲೆದು, ಅದು ಕಂಬಳಿ ಹೊದ್ದು ಮಲ್ಕೊಂಡಿದೆ, ನಮ್ಮನೆ ಮಗು ಫೋನ್ ಹಿಡ್ಕೊಂಡು ಜಗಲಿಯಲ್ಲಿ ಸಿಗ್ನಲ್ ಹುಡುಕ್ತಾ ಇದೆ. ಇವತ್ತಿನ ಪಾಠ ಲೆಕ್ಕಕ್ಕೆ ಬರುತ್ತಾ, ಮುಂದೆ ಶನಿವಾರ ಪೂರ್ತಿ ದಿನ ಕೂರ್ಬೇಕಾ, ನೆಟ್ ಸಿಗದೆ ಕ್ಲಾಸ್ ಮಿಸ್ ಆದ್ರೆ ಆಬ್ಸೆಂಟಾ? ಪ್ರತಿ ಮಳೆಗಾಲ ಇದೇ ಪ್ರಶ್ನೆಗಳು ಬರ್ತವೆ, ಸ್ಪಷ್ಟ ಉತ್ತರ ಸಿಗಲ್ಲ. ಯಾಕೆ ಸಿಗಲ್ಲ ಅನ್ನೋದನ್ನ ಒಂದೊಂದಾಗಿ ಬಿಡಿಸಿ ನೋಡೋಣ.

ಆರ್ಡರ್ ಇರೋದು ರಸ್ತೆಗೆ

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಡಿಸಿ ಅವ್ರೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು, ಅದಕ್ಕೇ ಮಳೆ ರಜೆ ಶಾಲೆಯಿಂದ ಬರಲ್ಲ, ಡಿಸಿ ಆಫೀಸಿಂದ ಬರುತ್ತೆ. ಹವಾಮಾನ ಇಲಾಖೆ ಸಂಜೆ ಕೊಡೋ ಮುನ್ಸೂಚನೆ, ಹೊಳೆ ಮಟ್ಟ, ಎಲ್ಲಿ ಮರ ಬಿದ್ದಿದೆ, ಎಲ್ಲಿ ಬರೆ (ಗುಡ್ಡದ ಕಡಿದಾದ ಅಂಚು) ಜರಿದಿದೆ ಅನ್ನೋ ವರದಿ ಇವೆಲ್ಲ ಸೇರಿ ತೀರ್ಮಾನ ಆಗೋದು. ಆರೆಂಜ್ ಅಲರ್ಟ್ ಅಂದ್ರೆ 24 ಗಂಟೆಯಲ್ಲಿ 115.6 ಮಿಲಿಮೀಟರ್‌ನಿಂದ 204.4 ಮಿಲಿಮೀಟರ್ ವರೆಗೆ ಮಳೆ ಆಗ್ಬಹುದು ಅಂತ, ಅದಕ್ಕಿಂತ ಮೇಲೆ ಹೋದ್ರೆ ರೆಡ್. ಅಲರ್ಟ್ ಕೊಡೋದು ಇಡೀ ಜಿಲ್ಲೆಗೆ ಒಂದೇ. ಮಳೆ ಬೀಳೋದು ಹಾಗಲ್ವಲ್ಲ, ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿ ನಾಪೋಕ್ಲು ರಸ್ತೆ ಮೇಲೆ ನೀರು ಬಂದಿರೋವಾಗ ಕುಶಾಲನಗರದಲ್ಲಿ ಬಟ್ಟೆ ಒಣಗ್ತಾ ಇರುತ್ತೆ. ಅದಕ್ಕೇ "ನಮ್ಮಲ್ಲಿ ಬಿಸಿಲಿದೆ, ರಜೆ ಯಾಕೆ" ಅನ್ನೋ ಮಾತು ಪ್ರತಿ ಸಲ ಬರೋದು. ತಾಲೂಕು ಮಟ್ಟದಲ್ಲಿ ಮಾತ್ರ ರಜೆ ಕೊಟ್ರೆ ಅಂತ ಕೇಳ್ಬಹುದು, ಕೆಲವು ಸಲ ಕೊಡ್ತಾರೆ ಕೂಡ, ಆದ್ರೆ ಮಾದಾಪುರ ಕಡೆಯಿಂದ ಕುಶಾಲನಗರಕ್ಕೆ ಬಸ್ಸಲ್ಲಿ ಬರೋ ಮಗುಗೆ ಶಾಲೆ ಇರೋ ತಾಲೂಕಿನ ಬಿಸಿಲಿಂದ ಏನೂ ಉಪಯೋಗ ಇಲ್ಲ, ಅದು ದಾಟಬೇಕಾಗಿರೋದು ಮನೆ ಹತ್ರದ ತೋಡು, ಅಂದ್ರೆ ಹಳ್ಳ.

ಆರ್ಡರಿನ ಉದ್ದೇಶ ಮಕ್ಕಳು ರಸ್ತೆ ಮೇಲೆ ಇರ್ಬಾರ್ದು ಅನ್ನೋದು. ಗೊಂದಲ ಹುಟ್ಟೋದೇ ಇಲ್ಲಿಂದ. ಶಾಲೆಯವ್ರು ಅದನ್ನ "ಕಟ್ಟಡಕ್ಕೆ ಮಾತ್ರ ರಜೆ, ಪಾಠಕ್ಕಲ್ಲ" ಅಂತ ಓದ್ತಾರೆ. ಪೋಷಕರು "ರಜೆ ಅಂದ್ಮೇಲೆ ರಜೆ" ಅಂತ ಓದ್ತಾರೆ. ಕಾಯ್ದೆ ಬರೆದ ಕಾಲಕ್ಕೆ ಶಾಲೆ ಮಕ್ಕಳು ಮನೆಯಲ್ಲಿ ಕೂತು ಕ್ಲಾಸ್ ಕೇಳೋದು ರೂಢಿಯಲ್ಲಿ ಇರ್ಲಿಲ್ಲ, ಹಂಗಾಗಿ ಎರಡು ಓದೂ ಒಂದಕ್ಕೊಂದು ಡಿಕ್ಕಿ ಹೊಡೀತಾನೇ ಇರ್ತವೆ.

ಯಾರು ಏನು ಹೇಳ್ತಾರೆ

ಪ್ರೈವೇಟ್ ಶಾಲೆಗಳ ಕಷ್ಟ ಸಿಲಬಸ್. ಸಿಬಿಎಸ್‌ಇ, ಐಸಿಎಸ್‌ಇ ಪರೀಕ್ಷೆ ಬರೆಯೋ ಮಗುಗೆ ಕೊಡಗಿನ ಮಳೆ ಅಂತ ಬೋರ್ಡು ಪ್ರಶ್ನೆ ಕಮ್ಮಿ ಮಾಡಲ್ಲ, ಮೈಸೂರಲ್ಲಿ ಓದೋ ಮಗು ಜೊತೆನೇ ಬರೀಬೇಕು. ಫೀಸ್ ಕಟ್ಟಿರೋ ಪೋಷಕರೂ "ಹತ್ತು ದಿನದಿಂದ ಮನೇಲೇ ಇದ್ದಾನೆ, ಏನಾದ್ರೂ ಮಾಡಿ" ಅಂತ ಗಂಟು ಬೀಳ್ತಾರೆ. ಲಿಂಕ್ ಬಂದ್ರೆ ಬೈಯೋರೂ ಇವ್ರೇ, ಬರದೆ ಹೋದ್ರೆ ಬೈಯೋರೂ ಇವ್ರೇ, ಮ್ಯಾನೇಜ್‌ಮೆಂಟ್ ಎಲ್ಲಿಗೆ ಹೋಗ್ಬೇಕು ಪಾಪ.

ಸರ್ಕಾರಿ ಶಾಲೆ ಟೀಚರ್‌ಗಳ ಲೆಕ್ಕ ಬೇರೆ. ಮೂವತ್ತು ಮಕ್ಕಳಲ್ಲಿ ಹದಿನೈದು ಜನ ಮಾತ್ರ ಸೇರೋ ಕ್ಲಾಸ್ ಮಾಡಿದ್ರೆ ಶಾಲೆ ತೆಗೆದ ದಿನ ಅದೇ ಪಾಠ ಮತ್ತೆ ಮಾಡ್ಬೇಕು, ಮಾಡದಿದ್ರೆ ಉಳಿದ ಹದಿನೈದು ಜನಕ್ಕೆ ಅನ್ಯಾಯ. ಎರಡು ಸಲ ಮಾಡೋದಾದ್ರೆ ಮೊದಲನೇದು ಯಾಕೆ?

ಇಲಾಖೆ ನೋಡೋದು ದಿನಗಳನ್ನ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಅಂತ ಇದೆ, ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಮಳೆಗೆ ಹೋದ ದಿನ ಶನಿವಾರದಲ್ಲೋ ಭಾನುವಾರದಲ್ಲೋ ದಸರಾ ರಜೆಯಲ್ಲೋ ತುಂಬ್ಸಿ ಅಂತ ಸೂಚನೆ ಬರೋದು ಈ ಲೆಕ್ಕಕ್ಕೆ. ಆನ್‌ಲೈನ್ ಕ್ಲಾಸ್ ಮಾಡಿದ ದಿನವನ್ನ ಕೆಲಸದ ದಿನ ಅಂತ ತಗೊಂಡ್ರೆ ತುಂಬ್ಸೋ ತಲೆನೋವು ಇಲ್ಲ. ಇದು ಕೇಳೋಕೆ ಸುಲಭ, ಪರಿಣಾಮ ಮಾತ್ರ ಸುಲಭ ಇಲ್ಲ: ಹಾಗೆ ಲೆಕ್ಕ ತಗೊಂಡ ಕ್ಷಣ ನೆಟ್ ಸಿಗದ ಮಗು ಆ ದಿನವನ್ನ ಶಾಶ್ವತವಾಗಿ ಕಳ್ಕೊಳ್ಳುತ್ತೆ, ಯಾಕಂದ್ರೆ ಆ ದಿನ ತಿರುಗಿ ಶನಿವಾರದ ರೂಪದಲ್ಲಿ ಬರೋದಿಲ್ಲ. ಹಾಗಾಗಿ ಮಳೆ ದಿನದ ಆನ್‌ಲೈನ್ ಕ್ಲಾಸನ್ನ ಯಾವ ಶಾಲೆಯೂ ಹಾಜರಿ ಪುಸ್ತಕಕ್ಕೆ ತರಬಾರದು ಅನ್ನೋದು ಈ ಲೇಖನದ ನಿಲುವು. ಯಾಕೆ ಅನ್ನೋದು ಮುಂದಿದೆ.

ಮರ ಬಿದ್ರೆ ಕ್ಲಾಸ್ ಬಿತ್ತು

ಮಳೆ ರಜೆಯ ದಿನ ಆನ್‌ಲೈನ್ ಕ್ಲಾಸ್ ಅನ್ನೋದ್ರಲ್ಲೇ ಒಂದು ತಮಾಷೆ ಇದೆ. ಯಾವ ಗಾಳಿ ಮಳೆಗೆ ಶಾಲೆ ಮುಚ್ತಾರೋ ಅದೇ ಗಾಳಿ ಮಳೆ ನೆಟ್‌ವರ್ಕನ್ನೂ ಮುಚ್ಚುತ್ತೆ. ಕೊರೊನಾ ಟೈಮಲ್ಲಿ ವೈರಸ್ಸು ಕರೆಂಟ್ ಕಂಬ ಬೀಳಿಸ್ತಾ ಇರ್ಲಿಲ್ಲ. ಇಲ್ಲಿ ಹಾಗಲ್ಲ.

ಕೊಡಗಿನ ವಿದ್ಯುತ್ ಲೈನ್ ಹೋಗಿರೋದು ಕಾಫಿ ತೋಟದ ಒಳಗೆ, ಸಿಲ್ವರ್ ಓಕ್, ಬಳಂಜಿ, ಅತ್ತಿ, ಹಲಸು ಮರಗಳ ನಡುವೆ. ಮಣ್ಣು ನೆನೆದು ಬೇರು ಸಡಿಲ ಆದ ಮೇಲೆ ಒಂದು ಜೋರು ಗಾಳಿ ಸಾಕು, ಮರ ಲೈನ್ ಮೇಲೆ ಕೂತ್ಕೊಳ್ಳುತ್ತೆ, ಒಂದು ಕಂಬ ಎಳೆದ್ರೆ ಅದು ಪಕ್ಕದ ನಾಲ್ಕು ಕಂಬನೂ ಬಗ್ಗಿಸುತ್ತೆ. ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮ್ಯಾನ್‌ಗಳು ಆ ಮಳೆಯಲ್ಲಿ ಮರ ಕಡಿದು ದಾರಿ ಮಾಡ್ಕೊಂಡು ಹೋಗ್ಬೇಕು, ಅವ್ರನ್ನ ಬೈದು ಪ್ರಯೋಜನ ಇಲ್ಲ. ಕರೆಂಟ್ ಹೋಯ್ತು ಅಂದ್ರೆ ಮೊಬೈಲ್ ಟವರ್ ಬ್ಯಾಟರಿಗೆ ಬರುತ್ತೆ, ಬ್ಯಾಟರಿ ಕೆಲವೇ ಗಂಟೆ, ಆಮೇಲೆ ಜನರೇಟರ್ ಇದ್ರೆ ಡೀಸೆಲ್ ಬೇಕು, ಡೀಸೆಲ್ ತರೋ ಜೀಪಿಗೆ ರಸ್ತೆ ಬೇಕು, ರಸ್ತೆ ಮೇಲೆ ಮರ ಬಿದ್ದಿದೆ. ಇನ್ನು ಫೈಬರ್ ಕೇಬಲ್, ಅದನ್ನ ಬಹಳ ಕಡೆ ಎಳೆದಿರೋದು ಅದೇ ಕರೆಂಟ್ ಕಂಬದ ಮೇಲೆ, ಕಂಬ ಬಿದ್ರೆ ಅದೂ ಬಿತ್ತು. ಮನೇಲಿ ಇನ್ವರ್ಟರ್ ಇದೆ ಅಂತ ಧೈರ್ಯ ಮಾಡೋರಿಗೂ ಎರಡನೇ ದಿನಕ್ಕೆ ಅದು ಕೀ ಕೀ ಅನ್ನೋಕೆ ಶುರು ಮಾಡುತ್ತೆ, ಚಾರ್ಜ್ ಆಗೋಕೆ ಕರೆಂಟೇ ಇಲ್ವಲ್ಲ.

ಅಂದ್ರೆ ಮಳೆ ಹೆಚ್ಚಾದಷ್ಟೂ ಆನ್‌ಲೈನ್ ಕ್ಲಾಸಿನ ಅಗತ್ಯ ಹೆಚ್ಚಾಗುತ್ತೆ, ಅದು ನಡೆಯೋ ಸಾಧ್ಯತೆ ಅಷ್ಟೇ ಕಮ್ಮಿ ಆಗುತ್ತೆ. ಹಗುರ ಮಳೆ ದಿನ ಕ್ಲಾಸ್ ಚೆನ್ನಾಗಿ ನಡೀತು ಅಂತ ನಂಬ್ಕೊಂಡು ಪದ್ಧತಿ ಕಟ್ಟಿದ್ರೆ ಜೋರು ಮಳೆಯ ವಾರ ಅದು ಕೈ ಕೊಡುತ್ತೆ. ನೆಟ್‌ವರ್ಕ್ ಪೂರ್ತಿ ಹೋಗದೇ ಇದ್ರೂ ಮೊದಲು ಸಾಯೋದು ವಿಡಿಯೋ, ಆಮೇಲೆ ಫೋಟೋ, ಕೊನೆವರೆಗೂ ಎಳೆದಾಡ್ಕೊಂಡು ಉಳಿಯೋದು ಬರೀ ಫೋನ್ ಕಾಲು ಮತ್ತೆ ಎಸ್‌ಎಂಎಸ್ಸು. ಒಂದು ಗಂಟೆ ವಿಡಿಯೋ ಕ್ಲಾಸಿಗೆ ನೂರಾರು ಎಂಬಿ ಬೇಕು, ಒಂದು ನಿಮಿಷದ ವಾಯ್ಸ್ ನೋಟಿಗೆ ಒಂದು ಎಂಬಿನೂ ಬೇಡ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2020ರಲ್ಲಿ ಇದೆಲ್ಲ ಒಂದ್ಸಲ ನೋಡಾಗಿದೆ

ಶಾಲೆ ಇಲ್ಲದೆ ಶಾಲೆ ನಡೆಸೋದು ಹೇಗೆ ಅನ್ನೋ ಜಗಳ ಕರ್ನಾಟಕಕ್ಕೆ ಹೊಸದೇನಲ್ಲ. ಮಾರ್ಚ್ 2020ಕ್ಕೆ ಶಾಲೆ ಮುಚ್ಚಿದ್ವು, ಜೂನ್‌ನಲ್ಲಿ ಸರ್ಕಾರ ಐದನೇ ಕ್ಲಾಸ್ ವರೆಗೆ ಆನ್‌ಲೈನ್ ಪಾಠನೇ ಬೇಡ ಅಂತ ಆದೇಶ ಮಾಡ್ತು, ಚಿಕ್ಕ ಮಕ್ಕಳು ಸ್ಕ್ರೀನ್ ಮುಂದೆ ಕೂರೋದು ಸರಿಯಲ್ಲ, ಎಲ್ರಿಗೂ ಫೋನ್ ಇಲ್ಲ ಅಂತ. ಕೆಲವು ಪೋಷಕರು ಕೋರ್ಟಿಗೆ ಹೋದ್ರು, ಜುಲೈ 8ಕ್ಕೆ ಹೈಕೋರ್ಟ್ ಅದಕ್ಕೆ ತಡೆ ಕೊಡ್ತು. ಎಲ್ರಿಗೂ ಸಿಗಲ್ಲ ಅನ್ನೋ ಕಾರಣಕ್ಕೆ ಸಿಗೋರಿಗೂ ಬೇಡ ಅನ್ಬಹುದಾ ಅನ್ನೋ ಪ್ರಶ್ನೆ ಆಗ್ಲೂ ಇತ್ತು, ಈಗ್ಲೂ ಇದೆ.

ಅದೇ ವರ್ಷ ಆಗಸ್ಟಲ್ಲಿ ಸರ್ಕಾರಿ ಶಾಲೆಗಳಿಗೆ ವಿದ್ಯಾಗಮ ಬಂತು, ಶಾಲೆ ಮುಚ್ಚಿದ್ರೂ ಪಾಠ ನಡೆಸೋ ಯೋಜನೆ. ಅದರಲ್ಲಿ ಒಂದು ಒಳ್ಳೆ ಉಪಾಯ ಇತ್ತು, ಈಗ ಮರೆತೇಹೋಗಿದೆ: ಮಕ್ಕಳನ್ನ ಮೊದಲು ಮೂರು ಪಟ್ಟಿ ಮಾಡೋದು, ಇಂಟರ್ನೆಟ್ ಇರೋ ಫೋನ್ ಇರೋರು, ಬರೀ ಬಟನ್ ಫೋನ್ ಇರೋರು, ಏನೂ ಇಲ್ಲದೋರು. ಒಬ್ಬೊಬ್ಬ ಟೀಚರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳ ಜವಾಬ್ದಾರಿ, ಏನೂ ಇಲ್ಲದ ಮಕ್ಕಳ ಹತ್ರ ಟೀಚರೇ ಹೋಗಿ ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ಕೆಳಗೆ ಪಾಠ. ಬಯಲು ಸೀಮೆಯಲ್ಲಿ ಮರದ ಕೆಳಗೆ ನಡೀತು. ಕೊಡಗಲ್ಲಿ ಆಗಸ್ಟ್ ತಿಂಗಳಲ್ಲಿ ಮರದ ಕೆಳಗೆ ಯಾರು ಕೂರ್ತಾರೆ? ಅದೂ ಆ ವರ್ಷ ಆಗಸ್ಟ್ ಮೊದಲ ವಾರದಲ್ಲೇ ತಲಕಾವೇರಿ ಹತ್ರ ಬ್ರಹ್ಮಗಿರಿ ಬೆಟ್ಟ ಕುಸಿದಿತ್ತು. ಸೋಮವಾರಪೇಟೆ ಕಡೆ ಒಬ್ರು ಸರ್ಕಾರಿ ಶಾಲೆ ಮೇಷ್ಟ್ರು ಸಿಗ್ನಲ್ ಸಿಗ್ಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಕೊಂಡು ಕ್ಲಾಸ್ ತಗೊಂಡ್ರು, ಪೇಪರಲ್ಲೆಲ್ಲ ಬಂತು, ಎಲ್ರೂ ಶಭಾಷ್ ಅಂದ್ರು. ಶಭಾಷ್ ಅನ್ನೋದೇನೋ ಸರಿ, ಆದ್ರೆ ಮೇಷ್ಟ್ರು ಮರ ಹತ್ತಿದ್ರೂ ಆ ಕಡೆ ಮಗು ಕೂಡ ಇನ್ನೊಂದು ಮರ ಹತ್ತಬೇಕಿತ್ತಲ್ವಾ ಅಂತ ಯಾರೂ ಕೇಳ್ಲಿಲ್ಲ.

ಅಕ್ಟೋಬರ್‌ಗೆ ವಿದ್ಯಾಗಮ ನಿಲ್ಲಿಸಿದ್ರು. 2021ರ ಆಗಸ್ಟ್ 23ಕ್ಕೆ ರಾಜ್ಯದ ಉಳಿದ ಕಡೆ ಒಂಬತ್ತರಿಂದ ಮೇಲಿನ ಕ್ಲಾಸ್ ಶುರು ಆದಾಗ ಕೊರೊನಾ ಪಾಸಿಟಿವಿಟಿ ಜಾಸ್ತಿ ಇದ್ದ ಕೆಲವು ಜಿಲ್ಲೆಗಳಿಗೆ ಅವಕಾಶ ಸಿಗ್ಲಿಲ್ಲ, ಅದರಲ್ಲಿ ಕೊಡಗೂ ಒಂದು. ಹಾಗಾಗಿ ಇಲ್ಲಿನ ಮಕ್ಕಳು ಬೇರೆಯವ್ರಿಗಿಂತ ಹೆಚ್ಚು ದಿನ ಮನೇಲಿದ್ರು. ಅದಕ್ಕೂ ಹಿಂದೆ 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ತೋರ ಅನ್ನೋ ಊರಲ್ಲಿ ಕುಸಿತ ಆದಾಗ, ಶಾಲೆಗಳು ಬಂದ್ ಆಗಿದ್ದು ಒಂದು ಕಡೆ, ಕೆಲವು ಶಾಲೆಗಳಲ್ಲಿ ಗಂಜಿ ಕೇಂದ್ರನೇ ನಡೀತಾ ಇತ್ತು. ಮಳೆ ನಿಂತ ಮೇಲೂ ಬೆಂಚಿನ ಜಾಗದಲ್ಲಿ ಚಾಪೆ ಹಾಸಿತ್ತು. ನಾಲ್ಕು ವರ್ಷದಲ್ಲಿ ಒಂದೇ ಮಗು ಇಷ್ಟೆಲ್ಲ ನೋಡಿದೆ.

ಮನೇಲಿ ಕೂತಿದ್ದಕ್ಕೆ ಏನಾಯ್ತು ಅನ್ನೋದಕ್ಕೆ ಒಂದು ಅಂಕಿ ಸಾಕು. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವ್ರು ಜನವರಿ 2021ರಲ್ಲಿ ಕರ್ನಾಟಕ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನ ಮಾತಾಡಿಸಿ ನೋಡಿದ್ರು, ಎರಡರಿಂದ ಆರನೇ ಕ್ಲಾಸಿನ ಮಕ್ಕಳು. ಅದರಲ್ಲಿ 92 ಪರ್ಸೆಂಟ್ ಮಕ್ಕಳು ಹಿಂದಿನ ವರ್ಷ ಬರ್ತಿದ್ದ ಭಾಷೆಯ ಒಂದಾದ್ರೂ ಸಾಮರ್ಥ್ಯವನ್ನ ಮರೆತಿದ್ರು, ಗಣಿತದಲ್ಲಿ 82 ಪರ್ಸೆಂಟ್. ಹೊಸದು ಕಲೀಲಿಲ್ಲ ಅನ್ನೋದು ಒಂದು, ಕಲಿತಿದ್ದೂ ಹೋಯ್ತು ಅನ್ನೋದು ಇನ್ನೊಂದು. ಹತ್ತು ದಿನದ ಮಳೆ ರಜೆ ಒಂದೂವರೆ ವರ್ಷದ ಬಂದ್‌ಗೆ ಸಮ ಅಲ್ಲ, ಒಪ್ಕೊಳ್ಳೋಣ. ಆದ್ರೆ ಅಕ್ಷರ ಈಗಷ್ಟೇ ಕೂಡಿಸ್ತಿರೋ ಎರಡನೇ ಕ್ಲಾಸಿನ ಮಗುಗೆ ಪ್ರತಿ ಜುಲೈ ಹೀಗೆ ತುಂಡಾಗೋದು ಸಣ್ಣ ವಿಷಯನೂ ಅಲ್ಲ, ಶಾಲೆ ಶುರುವಾಗಿ ಒಂದು ತಿಂಗಳು ಆಗಿರುತ್ತೆ ಅಷ್ಟೇ.

ಗ್ರೂಪಲ್ಲಿ ಯಾರಿದ್ದಾರೆ, ಯಾರಿಲ್ಲ

"ಎಲ್ರಿಗೂ ಗ್ರೂಪಲ್ಲಿ ಹಾಕಿದೀವಿ" ಅನ್ನೋದು ಈಗ ಶಾಲೆಗಳ ಸಾಮಾನ್ಯ ಮಾತು. ಎಲ್ರೂ ಅಂದ್ರೆ ಯಾರು?

ಗೋಣಿಕೊಪ್ಪ, ಸಿದ್ದಾಪುರ, ಪಾಲಿಬೆಟ್ಟ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಅಂತಿಟ್ಕೊಳ್ಳಿ. ಕ್ಲಾಸಲ್ಲಿ ಯರವ, ಜೇನು ಕುರುಬ ಹಾಡಿಯ (ಆದಿವಾಸಿ ಕೇರಿಯ) ಮಕ್ಕಳು, ತೋಟದ ಲೈನ್ ಮನೆಗಳಿಂದ (ಕೂಲಿಯವ್ರ ಸಾಲು ಮನೆಗಳಿಂದ) ಬರೋ ಮಕ್ಕಳು, ಅದರಲ್ಲಿ ಕೆಲವ್ರ ಅಪ್ಪ ಅಮ್ಮ ಅಸ್ಸಾಮಿಂದ ಬಂದೋರು, ಕೆಲವ್ರು ತಮಿಳು ಮಾತಾಡೋರು, ಮಲಯಾಳ ಮಾತಾಡೋರು. ಮನೇಲಿ ಫೋನ್ ಒಂದೇ, ಅದು ಅಪ್ಪನ ಜೇಬಲ್ಲಿ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋಗುತ್ತೆ, ಸಂಜೆ ವಾಪಸ್ ಬರುತ್ತೆ. ಟೀಚರ್ ಹತ್ತು ಗಂಟೆಗೆ ಹಾಕಿದ ಹೋಮ್‌ವರ್ಕ್ ಫೋಟೋನ ಮಗು ನೋಡೋದು ಸಂಜೆ ಏಳಕ್ಕೆ, ಚಾರ್ಜ್ ಉಳಿದಿದ್ರೆ. ಮೆಸೇಜ್ ಕನ್ನಡದಲ್ಲಿರುತ್ತೆ, ಅದನ್ನ ಓದಿ ಹೇಳೋಕೆ ಮನೇಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ, ಕನ್ನಡ ಓದೋಕೆ ಬರೋ ಒಬ್ಬನೇ ವ್ಯಕ್ತಿ ಆ ಮಗುನೇ, ಅದು ಮೂರನೇ ಕ್ಲಾಸು. ಹಳ್ಳಿ ಮಕ್ಕಳ ಕಲಿಕೆ ನೋಡೋ ಅಸರ್ ಸಮೀಕ್ಷೆ ಪ್ರಕಾರ 2018ರಲ್ಲಿ ದೇಶದ ಹಳ್ಳಿಗಳಲ್ಲಿ ಶಾಲೆಗೆ ಹೋಗೋ ಮಕ್ಕಳಿರೋ ಮನೆಗಳಲ್ಲಿ 36.5 ಪರ್ಸೆಂಟ್ ಮನೆಗೆ ಸ್ಮಾರ್ಟ್‌ಫೋನ್ ಇತ್ತು, 2020ಕ್ಕೆ ಅದು 61.8 ಆಯ್ತು, ಈಗ ಇನ್ನೂ ಜಾಸ್ತಿ ಇರುತ್ತೆ. ಮನೆಗೆ ಫೋನ್ ಬಂತು, ಮಗು ಕೈಗೆ ಬರೋದು ಯಾವಾಗ ಅನ್ನೋದು ಬೇರೆ ಲೆಕ್ಕ.

ಇದರ ಜೊತೆ ಬಿಸಿಯೂಟ. ಶಾಲೆ ರಜೆ ಅಂದ್ರೆ ಮಧ್ಯಾಹ್ನದ ಊಟ, ಹಾಲು, ಮೊಟ್ಟೆನೂ ರಜೆ. ಜೋರು ಮಳೆಗೆ ತೋಟದ ಕೆಲಸ ನಿಂತ್ರೆ ಆ ದಿನದ ಕೂಲಿಯೂ ಇಲ್ಲ. ಎರಡೂ ಒಂದೇ ದಿನ ನಿಲ್ಲುತ್ತೆ. ಯಾವ ಲಿಂಕೂ ಇದನ್ನ ತುಂಬಲ್ಲ.

ಹಾಗಂತ ವಾಟ್ಸಾಪ್ ಗ್ರೂಪ್ ಕೆಟ್ಟದ್ದು ಅಂತಲ್ಲ. ರಜೆ ಸುದ್ದಿ ತಲುಪಿಸೋಕೆ, ಬಸ್ ಬರಲ್ಲ ಅಂತ ಹೇಳೋಕೆ ಅದಕ್ಕಿಂತ ಬೇಗ ಯಾವುದೂ ಇಲ್ಲ. ಆದ್ರೆ ಅದು ಶಾಲೆ ಗೋಡೆ ಮೇಲಿನ ನೋಟಿಸ್ ಬೋರ್ಡು. ನೋಟಿಸ್ ಹಾಕಿದ್ದು ಯಾರು ಓದಿದ್ರು ಅಂತ ಬೋರ್ಡಿಗೆ ಗೊತ್ತಿರಲ್ಲ, ನೀಲಿ ಟಿಕ್ ಬಂತು ಅಂದ್ರೆ ಫೋನ್ ಯಾರೋ ತೆಗೆದ್ರು ಅಂತ ಅಷ್ಟೇ. ಎಂಟು ಜನ ಪೋಷಕರು ದಿನಾ ಮಾತಾಡೋ ಗ್ರೂಪ್ ಮೇಲಿಂದ ನೋಡಿದ್ರೆ ಬಹಳ ಚುರುಕಾಗಿ ಕಾಣುತ್ತೆ, ಮಾತಾಡದ ಇಪ್ಪತ್ತೆರಡು ಜನ ಅದರಲ್ಲಿ ಮುಚ್ಚಿಹೋಗ್ತಾರೆ.

ಶನಿವಾರದ ಲೆಕ್ಕ

ಆನ್‌ಲೈನ್ ಬೇಡ, ಶನಿವಾರ ಪೂರ್ತಿ ದಿನ ಮಾಡಿ ತುಂಬ್ಸೋಣ ಅನ್ನೋದು ಎಲ್ರೂ ಒಪ್ಪೋ ದಾರಿ. ಕೈಯಲ್ಲಿ ಲೆಕ್ಕ ಹಾಕಿ ನೋಡೋಣ. ಹತ್ತು ದಿನ ರಜೆ ಹೋಯ್ತು ಅಂತಿಟ್ಕೊಳ್ಳಿ, ದಿನಕ್ಕೆ ನಾಲ್ಕೂವರೆ ಗಂಟೆ ಪಾಠ ಅಂದ್ರೆ 45 ಗಂಟೆ. ಶನಿವಾರ ಹೇಗೂ ಅರ್ಧ ದಿನ ಇದ್ದೇ ಇದೆ, ಅದನ್ನ ಸಂಜೆವರೆಗೆ ಎಳೆದ್ರೆ ಹೆಚ್ಚುವರಿ ಸಿಗೋದು ಎರಡೂವರೆ ಗಂಟೆ. 45ನ್ನ ಎರಡೂವರೆಯಿಂದ ಭಾಗ್ಸಿದ್ರೆ 18 ಶನಿವಾರ. ಆಗಸ್ಟ್ ಮಧ್ಯದಿಂದ ಶುರು ಮಾಡಿದ್ರೂ ಮಧ್ಯೆ ಗಣೇಶನ ಹಬ್ಬ, ದಸರಾ ರಜೆ, ಹುತ್ತರಿ ಎಲ್ಲ ಕಳೆದ್ರೆ ಜನವರಿ ಮುಟ್ಟುತ್ತೆ. ಜುಲೈ ತಿಂಗಳ ಪಾಠ ಜನವರಿಗೆ ತುಂಬಿದ ಹಾಗಾಯ್ತು.

ದಿನಾ ಸಂಜೆ ಒಂದು ಗಂಟೆ ಜಾಸ್ತಿ ಮಾಡಿ ಅಂತಾರೆ ಕೆಲವ್ರು. ಬೆಂಗಳೂರಲ್ಲಿ ಮಾಡ್ಬಹುದು. ಇಲ್ಲಿ ಬಸ್ಸು ಒಂದೇ, ಅದು ನಾಲ್ಕೂವರೆಗೆ ಹೋಗ್ಬಿಡುತ್ತೆ, ಬಸ್ ಇಳಿದು ತೋಟದ ದಾರಿಯಲ್ಲಿ ಇನ್ನೂ ಎರಡು ಕಿಲೋಮೀಟರ್ ನಡೀಬೇಕು, ಮುಸ್ಸಂಜೆ ಹೊತ್ತಿಗೆ ಆನೆ ಹಿಂಡು ತೋಟದೊಳಗೆ ಇಳಿಯುತ್ತೆ. ಮಳೆಯಿಂದ ಮಗು ಉಳಿಸೋಕೆ ಕೊಟ್ಟ ರಜೆನ ತುಂಬೋಕೆ ಹೋಗಿ ಆನೆ ಬಾಯಿಗೆ ಕೊಟ್ಟ ಹಾಗೆ. ಭಾನುವಾರ ಮಾಡಿದ್ರೆ ಬರೋರು ಕಮ್ಮಿ, ಅದು ಸಂತೆ ದಿನ ಆಗಿದ್ರಂತೂ ಕೇಳೋದೇ ಬೇಡ. ದಸರಾ ರಜೆ ಕಡಿತ ಮಾಡಿದ್ರೆ ಮಡಿಕೇರಿ ದಸರಾ, ಅದರ ಹಿಂದೆನೇ ಅಕ್ಟೋಬರ್ ಮಧ್ಯಕ್ಕೆ ಕಾವೇರಿ ತೀರ್ಥೋದ್ಭವ, ಜಿಲ್ಲೆಯ ಅರ್ಧ ಜನ ಮನೇಲಿರಲ್ಲ. ಇನ್ನು ಡಿಸೆಂಬರ್ ದಾಟಿದ್ರೆ ಕಾಫಿ ಕುಯ್ಲು ಜೋರು, ಲೈನ್ ಮನೆ ಮಕ್ಕಳ ಹಾಜರಿ ಆಗ ತಾನಾಗೇ ಇಳಿಯುತ್ತೆ. ಅಂದ್ರೆ ಜುಲೈಯಲ್ಲಿ ಪಾಠ ಕಳ್ಕೊಂಡ ಅದೇ ಮಗು ಜನವರಿಯ ಶನಿವಾರನೂ ಕಳ್ಕೊಳ್ಳುತ್ತೆ, ರಿಜಿಸ್ಟರಲ್ಲಿ ಮಾತ್ರ 220 ದಿನ ಪೂರ್ತಿ.

ಬೇಸಿಗೆ ರಜೆನೇ ಮಳೆಗಾಲಕ್ಕೆ ಎಳೆದ್ರೆ?

ಇದು ಈಗ ಹೆಚ್ಚು ಕೇಳಿಸ್ತಿರೋ ಮಾತು. ಕೊಡಗಲ್ಲಿ ಏಪ್ರಿಲ್ ಮೇ ತಿಂಗಳು ಮಕ್ಕಳು ಕ್ಲಾಸಲ್ಲಿ ಕೂರೋಕೆ ಆಗದಷ್ಟು ಸೆಕೆ ಏನಿಲ್ಲ, ಕಾಫಿ ಹೂ ಅರಳಿಸೋ ಹೂ ಮಳೆ ಬಂದು ಹೋಗಿರುತ್ತೆ, ರಸ್ತೆ ಚೆನ್ನಾಗಿರುತ್ತೆ. ಆ ಎರಡು ತಿಂಗಳು ಶಾಲೆ ನಡೆಸಿ ಜುಲೈಗೆ ರಜೆ ಕೊಡಿ, ದಿನಾ ರಾತ್ರಿ ಪಿಡಿಎಫ್ ಕಾಯೋ ಕಷ್ಟನೇ ಇರಲ್ಲ ಅಂತ. ಪಕ್ಕದ ಕೇರಳದಲ್ಲಿ 2025ರ ಜುಲೈ ಕೊನೆಗೆ ಶಿಕ್ಷಣ ಮಂತ್ರಿ ವಿ. ಶಿವನ್‌ಕುಟ್ಟಿ ಅವ್ರೇ ಬೇಸಿಗೆ ರಜೆನ ಜೂನ್ ಜುಲೈಗೆ ತರ್ಬಹುದಾ ಅಂತ ಜನರ ಅಭಿಪ್ರಾಯ ಕೇಳಿದ್ರು, ಅದಾದ ಮೇಲೆ ವಿರಾಜಪೇಟೆ ಕಡೆಯಲ್ಲಿ ಈ ಚರ್ಚೆ ಬರೋದು ಸಹಜನೇ.

ತೊಡಕು ಎಲ್ಲಿದೆ ಅಂದ್ರೆ, ಕೊಡಗಿನ ಕ್ಯಾಲೆಂಡರ್ ಕೊಡಗಿನ ಕೈಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಇಡೀ ರಾಜ್ಯಕ್ಕೆ ಒಂದೇ ದಿನ. ಪಠ್ಯಪುಸ್ತಕ ಬರೋದು ಜೂನ್ ಲೆಕ್ಕಕ್ಕೆ, ಟೀಚರ್ ವರ್ಗಾವಣೆ, ಎಲೆಕ್ಷನ್ ಡ್ಯೂಟಿ, ಗಣತಿ ಡ್ಯೂಟಿ ಎಲ್ಲ ಬೇಸಿಗೆ ರಜೆನ ನಂಬ್ಕೊಂಡು ಹಾಕಿರೋದು. ಮೇ ತಿಂಗಳು ಮದುವೆ ಸೀಸನ್ ಬೇರೆ, ಮಿಲಿಟರಿಯಲ್ಲಿ ಇರೋ ಅಪ್ಪಂದಿರು ಮಕ್ಕಳ ರಜೆ ನೋಡ್ಕೊಂಡು ಲೀವ್ ಹಾಕಿ ಬರೋದು ಆಗ. ಅದಕ್ಕಿಂತ ದೊಡ್ಡ ಪ್ರಶ್ನೆ, ಮಳೆ ಜುಲೈಗೇ ಬರ್ತೀನಿ ಅಂತ ಬರ್ಕೊಟ್ಟಿದೆಯಾ? 2018, 2019, 2020 ಮೂರೂ ವರ್ಷ ದೊಡ್ಡ ಕುಸಿತ ಆಗಿದ್ದು ಆಗಸ್ಟಲ್ಲಿ. ಜುಲೈ ಪೂರ್ತಿ ರಜೆ ಕೊಟ್ಟು ಆಗಸ್ಟಲ್ಲಿ ಮತ್ತೆ ಹತ್ತು ದಿನ ಮುಚ್ಚಬೇಕಾಗ್ಬಹುದು. ಒಂದರಿಂದ ಏಳನೇ ಕ್ಲಾಸಿನ ವರೆಗೆ ಮಾತ್ರ ಜಿಲ್ಲೆಗೆ ಎರಡು ಮೂರು ವಾರ ಸಡಿಲ ಕೊಡೋದು ಸಾಧ್ಯ ಇದೆ ಅನ್ಸುತ್ತೆ, ಅವ್ರಿಗೆ ಬೋರ್ಡ್ ಪರೀಕ್ಷೆಯ ಬಂಧನ ಇಲ್ಲ. ಆದ್ರೂ ಕ್ಯಾಲೆಂಡರ್ ಬದಲಾದ್ರೆ ಹೋದ ದಿನದ ಸಂಖ್ಯೆ ಕಮ್ಮಿ ಆಗುತ್ತೆ ಅಷ್ಟೇ, ಶಾಲೆ ಮುಚ್ಚಿದ ದಿನ ಮಗು ಎಲ್ಲಿದೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಕಾಲ್ ಮಾಡೋಕೆ ಲಿಂಕ್ ಬೇಡ

ಈ ಇಡೀ ಚರ್ಚೆ ದಾರಿ ತಪ್ಪಿರೋದು ಪಾಠ ಮತ್ತೆ ಸಂಪರ್ಕ ಎರಡನ್ನೂ ಒಂದೇ ಗಂಟು ಮಾಡಿರೋದ್ರಿಂದ. ಹತ್ತು ದಿನದ ಪಾಠ ಹೋದ್ರೆ ಕಷ್ಟಪಟ್ಟಾದ್ರೂ ತುಂಬ್ಸಬಹುದು. ಹತ್ತು ದಿನ ಶಾಲೆಗೂ ಮನೆಗೂ ಮಾತೇ ಇಲ್ಲದೆ ಹೋದ್ರೆ, ಅದೂ ಹಾಡಿ, ಲೈನ್ ಮನೆ ಮಕ್ಕಳ ವಿಷಯದಲ್ಲಿ, ಮಗು ವಾಪಸ್ ಬರದೇ ಇರೋ ಸಾಧ್ಯತೆ ಇದೆ. ಪಾಠಕ್ಕೆ ವಿಡಿಯೋ ಬೇಕು, ನೆಟ್ ಬೇಕು, ಕರೆಂಟ್ ಬೇಕು. ಮಗು ಮನೇಲಿದೆಯಾ, ಹುಷಾರಾಗಿದೆಯಾ, ಮನೆ ಹಿಂದಿನ ಬರೆ ಗಟ್ಟಿ ಇದೆಯಾ ಅಂತ ಕೇಳೋಕೆ ಬಟನ್ ಫೋನ್ ಸಾಕು. ಸಿಗ್ನಲ್ ಸತ್ತು ಬಿದ್ದಿರೋವಾಗ ಕೊನೆವರೆಗೂ ಉಳಿಯೋದು ಇದೇ ಕಾಲು ಅಂತ ಮೊದಲೇ ನೋಡಿದ್ವಲ್ಲ.

ವಿದ್ಯಾಗಮದ ಮೂರು ಪಟ್ಟಿನ ಜೂನ್ ಮೊದಲ ವಾರದಲ್ಲೇ, ಮಳೆ ಹಿಡಿಯೋಕೆ ಮುಂಚೆ ಮಾಡಿಟ್ಕೊಂಡ್ರೆ ಅರ್ಧ ಕೆಲಸ ಮುಗೀತು. ಒಬ್ಬ ಟೀಚರಿಗೆ ಇಪ್ಪತ್ತು ಮಕ್ಕಳು, ಎರಡು ದಿನಕ್ಕೊಂದ್ಸಲ ಎರಡು ನಿಮಿಷದ ಕಾಲ್ ಅಂದ್ರೆ 40 ನಿಮಿಷ, ಒಂದು ಪೀರಿಯಡ್ ಅಷ್ಟೇ. ಕನ್ನಡ ಓದೋಕೆ ಬರದ ಮನೆಗೆ ಪಿಡಿಎಫ್ ಬದಲು ವಾಯ್ಸ್ ನೋಟ್, ಮಗು ಹೆಸರು ಹಿಡಿದು ಕರೆದು ಹೇಳೋ ಒಂದು ನಿಮಿಷದ್ದು, ಅಪ್ಪ ಸಂಜೆ ಬಂದ ಮೇಲೂ ಕೇಳಿಸ್ಬಹುದು. ಫೋನೇ ಇಲ್ಲದ ಮನೆಗೆ ತೋಟದ ರೈಟರ್ (ಲೆಕ್ಕ ಬರೆಯೋರು), ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಹಾಡಿ ಬಾಯಲ್ಲಿರೋ ಅಂಗಡಿ, ಇವ್ರಲ್ಲಿ ಯಾರ ಮೂಲಕ ಸುದ್ದಿ ಹೋಗುತ್ತೆ ಅಂತ ಮೊದಲೇ ಬರೆದಿಟ್ಕೊಳ್ಬೇಕು. ರಜೆ ಬರುತ್ತೆ ಅಂತ ಅಲರ್ಟ್ ಕಂಡ ಸಂಜೆನೇ ಎರಡು ಹಾಳೆ ಕೆಲಸವನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮಗು ಬ್ಯಾಗಿಗೆ ಸೇರಿಸಿದ್ರೆ ನೆಟ್ಟೂ ಬೇಡ ಕರೆಂಟೂ ಬೇಡ, ಒದ್ದೆನೂ ಆಗಲ್ಲ. ಆಕಾಶವಾಣಿ ಮಡಿಕೇರಿ ಇದೆ, ಕೊಡವ ತಕ್ಕ್, ಅರೆಭಾಷೆಯಲ್ಲಿ ಕಾರ್ಯಕ್ರಮ ಮಾಡ್ತಾರೆ, ಸೆಲ್ ಹಾಕೋ ರೇಡಿಯೋ ಕರೆಂಟ್ ಕೇಳಲ್ಲ, ಮಳೆ ರಜೆ ದಿನ ಬೆಳಿಗ್ಗೆ ಅರ್ಧ ಗಂಟೆ ಮಕ್ಕಳಿಗೆ ಮೀಸಲಿಡೋದು ಅಸಾಧ್ಯ ಏನಲ್ಲ.

ಇದಕ್ಕೆ ಆಕ್ಷೇಪ ಇಲ್ಲ ಅಂತಲ್ಲ. ಟೀಚರ್ ಸ್ವಂತ ಫೋನು, ಸ್ವಂತ ಕರೆನ್ಸಿ, ಸ್ವಂತ ನಂಬರ್ ಎಲ್ರಿಗೂ ಹಂಚ್ಕೊಂಡು ರಾತ್ರಿ ಹನ್ನೊಂದಕ್ಕೂ ಕಾಲ್ ಬರುತ್ತೆ ಅನ್ನೋದು ನಿಜ. ಟೀಚರ್ ಮನೆಯಲ್ಲೂ ಕರೆಂಟ್ ಇರಲ್ಲ, ಅವ್ರ ಮನೆ ಹಿಂದೆನೂ ಬರೆ ಇದೆ ಅನ್ನೋದೂ ನಿಜ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಇರೋ ಪೋಷಕರು ಆಯಾ ಊರಿನ ಐದೈದು ಮನೆ ಹಂಚ್ಕೊಂಡ್ರೆ ಈ ಭಾರ ಇಳಿಯುತ್ತೆ, ಕಮಿಟಿ ಇರೋದು ಬರೀ ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸೋಕಲ್ಲ ತಾನೇ.

ಪ್ರೈವೇಟ್ ಶಾಲೆ ಆನ್‌ಲೈನ್ ಕ್ಲಾಸ್ ಮಾಡ್ಲಿ, ಸಿಗೋರು ಕೇಳ್ಲಿ, ಹಳೇ ಪಾಠದ ಡೌಟು, ಕಥೆ, ಕ್ವಿಜ್ ಏನಾದ್ರೂ ಇರ್ಲಿ. ಹೊಸ ಪಾಠ ಶುರು ಮಾಡೋದು ಬೇಡ, ಹಾಜರಿ ಹಾಕೋದು ಬೇಡ. ಎಂಟನೇ ಚಾಪ್ಟರ್ ಆನ್‌ಲೈನಲ್ಲಿ ಮುಗಿಸಿದೀವಿ ಅಂದ್ಬಿಟ್ರೆ ಚೇರಂಬಾಣೆಯಲ್ಲೋ ಶಾಂತಳ್ಳಿಯಲ್ಲೋ ಕತ್ತಲಲ್ಲಿ ಕೂತಿದ್ದ ಮಗುಗೆ ಆ ಚಾಪ್ಟರ್ ಟ್ಯೂಷನ್ ಮನೆಯಿಂದಲೇ ಬರ್ಬೇಕು.

ಮಳೆ ಬಿಟ್ಟ ಮೊದಲ ದಿನ

ಶಾಲೆ ತೆರೆದ ದಿನ ಎಲ್ರೂ ಬರಲ್ಲ. ರಸ್ತೆ ಸರಿಯಾಗದ ಕಡೆ ಬಸ್ ಹೋಗಲ್ಲ, ಯೂನಿಫಾರ್ಮ್ ಒಣಗಿರಲ್ಲ, ಕೆಲವ್ರಿಗೆ ಜ್ವರ, ಗದ್ದೆ ಇರೋರ ಮನೇಲಿ ನಾಟಿ. ಎರಡು ಮೂರು ದಿನಕ್ಕೆ ಇವ್ರೆಲ್ಲ ಒಬ್ಬೊಬ್ರಾಗಿ ಬಂದು ಸೇರ್ಕೋತಾರೆ.

ಉಳಿಯೋದು ಒಂದೋ ಎರಡೋ ಹೆಸರು. ಮಳೆಗೆ ಕೆಲಸ ಇಲ್ಲ ಅಂತ ಲೈನ್ ಮನೆ ಬಿಟ್ಟು ಇನ್ನೊಂದು ತೋಟಕ್ಕೆ ಹೋದ ಸಂಸಾರ, ಸಿಮ್ ಬದಲಾಗಿದೆ, ಗ್ರೂಪಲ್ಲಿ ಹಳೇ ನಂಬರ್ ಹಾಗೇ ಇದೆ, ಅದಕ್ಕೆ ದಿನಾ ಹೋಮ್‌ವರ್ಕ್ ಹೋಗ್ತಾ ಇದೆ, ಒಂದೇ ಟಿಕ್. ಇಲಾಖೆ ಮಕ್ಕಳ ದಾಖಲೆ ಇಡೋ ಸ್ಯಾಟ್ಸ್‌ನಲ್ಲಿ ಮಗು ಹೆಸರು ಇದೇ ಶಾಲೆಯಲ್ಲಿದೆ, ಯಾವ ತೋಟಕ್ಕೆ ಹೋದ್ರು ಅನ್ನೋದು ಹಳೇ ತೋಟದ ರೈಟರಿಗೆ ಗೊತ್ತಿರ್ಬಹುದು. ಆ ರೈಟರ್ ನಂಬರು ಜೂನ್‌ನಲ್ಲಿ ಬರ್ಕೊಂಡಿದ್ರೆ ಟೀಚರ್ ಇವತ್ತೇ ಕಾಲ್ ಮಾಡ್ತಾರೆ, ಇಲ್ಲ ಅಂದ್ರೆ ಶನಿವಾರ ಕ್ಲಾಸ್ ಮುಗಿಸ್ಕೊಂಡು ಆ ಲೈನ್ ಮನೆ ತನಕ ನಡ್ಕೊಂಡು ಹೋಗಿ ವಿಚಾರಿಸ್ಬೇಕು, ಶನಿವಾರ ಈಗ ಸಂಜೆವರೆಗೂ ಕ್ಲಾಸಿದೆ.